ಫೌಂಡೇಶನ್ ವರ್ಷದ ಜೊತೆ ಬ್ರಿಟನ್ನಿನಲ್ಲಿ ರಾಜಕೀಯ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಹತ್ತಿರವಾದಂತೆ ಈ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ಫೋನಿನಲ್ಲಿ ಕೇಳುತ್ತಾರೆ, ಕೆಲವರು ಉದ್ದುದ್ದ ಪತ್ರ ಬರೆಯುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದವರೂ ಇದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನವರ ಕಣ್ಣು ಬ್ರಿಟನ್ ಮೇಲಿರುವುದರಿಂದ ಉತ್ತರಗಳೂ ಅಲ್ಲಿಯವೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫೌಂಡೇಶನ್ ವರ್ಷ ಬೇಕಾದವರಿಗೆ ಅದು ನಿಜಕ್ಕೂ ಒಳ್ಳೆಯ ವರ್ಷ. ಆದರೆ ಬೇಡದ ಮಕ್ಕಳ ತಲೆಗೂ ಅದನ್ನು ಕಟ್ಟುತ್ತಿದ್ದಾರೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿದುಕೊಂಡರೆ ಒಂದು ವರ್ಷ ಮತ್ತು ಹತ್ತಾರು ಲಕ್ಷ ರೂಪಾಯಿ ಉಳಿಯಬಹುದು. ಶುಲ್ಕ ಮತ್ತು ವೀಸಾದ ಅಂಕಿಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಬ್ರಿಟಿಷ್ ಸರ್ಕಾರದ ಮತ್ತು ಆಯಾ ವಿಶ್ವವಿದ್ಯಾಲಯದ ಪುಟದಲ್ಲಿ ಇನ್ನೊಮ್ಮೆ ನೋಡಿ.

## ಮೊದಲ ಹೆಜ್ಜೆ

ಫೌಂಡೇಶನ್ ವರ್ಷ ಅಂದ್ರೆ ಏನು? ಡಿಪ್ಲೊಮಾ ತರಹನಾ?

ಅಲ್ಲ. ಇದು ಪದವಿಯ ಮೊದಲ ವರ್ಷಕ್ಕಿಂತ ಹಿಂದಿನ ಒಂದು ತಯಾರಿ ವರ್ಷ. ಅಲ್ಲಿನವರು ಇದನ್ನು ಸೊನ್ನೆಯ ವರ್ಷ ಎಂದೂ ಕರೆಯುತ್ತಾರೆ. ಮಟ್ಟದಲ್ಲಿ ಅಲ್ಲಿನ ಎ ಲೆವೆಲ್‌ಗೆ, ಅಂದರೆ ನಮ್ಮ ಎರಡನೇ ಪಿಯುಸಿಗೆ ಹತ್ತಿರ.

ಇದರಲ್ಲಿ ಎರಡು ಬಗೆ ಇದೆ. ಒಂದು, ಪದವಿಯೊಳಗೇ ಸೇರಿಕೊಂಡದ್ದು. ಒಂದೇ ಅರ್ಜಿ, ಒಂದೇ ಪ್ರವೇಶ, ಒಟ್ಟು ನಾಲ್ಕು ವರ್ಷ. ಎಸೆಕ್ಸ್, ಸಸೆಕ್ಸ್, ವೆಸ್ಟ್‌ಮಿನ್ಸ್ಟರ್‌ನಂಥ ವಿಶ್ವವಿದ್ಯಾಲಯಗಳು ಅಂತಾರಾಷ್ಟ್ರೀಯ ಸಂಬಂಧಗಳ ಪದವಿಯನ್ನು ಹೀಗೆ ಕೊಡುತ್ತಾ ಬಂದಿವೆ. ಇನ್ನೊಂದು, ವಿದೇಶಿ ವಿದ್ಯಾರ್ಥಿಗಳಿಗಾಗಿಯೇ ಇರುವ ಪ್ರತ್ಯೇಕ ಫೌಂಡೇಶನ್ ಕೋರ್ಸ್. ಅದನ್ನು ಕೆಲವು ಕಡೆ ವಿಶ್ವವಿದ್ಯಾಲಯವೇ ನಡೆಸುತ್ತದೆ, ಹಲವು ಕಡೆ ಅದರ ಜೊತೆ ಒಪ್ಪಂದ ಮಾಡಿಕೊಂಡ ಖಾಸಗಿ ಸಂಸ್ಥೆ ನಡೆಸುತ್ತದೆ. ಇಲ್ಲಿ ನಿಗದಿತ ಅಂಕ ಬಂದರಷ್ಟೇ ಪದವಿಗೆ ಪ್ರವೇಶ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಪದವಿ ಮೂರು ವರ್ಷ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಯೇ ನಾಲ್ಕು ವರ್ಷ. ಮೊದಲೆರಡು ವರ್ಷ ಬೇರೆ ವಿಷಯಗಳನ್ನೂ ಓದಬಹುದು. ಹೇಗೂ ನಾಲ್ಕು ವರ್ಷ ಓದುವುದಾದರೆ ಅದನ್ನೂ ಒಮ್ಮೆ ನೋಡಿ. ಅದರಲ್ಲಿ ನಾಲ್ಕು ವರ್ಷವೂ ಪದವಿಯ ವರ್ಷವೇ.

ರಾಜಕೀಯ, ಅಂತಾರಾಷ್ಟ್ರೀಯ ಸಂಬಂಧ ಎರಡೂ ಒಂದೇ ಅಲ್ವಾ?

ನೆಂಟಸ್ತಿಕೆ ಇದೆ, ಆದರೆ ಒಂದೇ ಅಲ್ಲ. ರಾಜಕೀಯ ವಿಭಾಗ ಹೆಚ್ಚಾಗಿ ಒಂದು ದೇಶದ ಒಳಗಿನದನ್ನು ನೋಡುತ್ತದೆ. ಚುನಾವಣೆ, ಪಕ್ಷ, ಸಂವಿಧಾನ, ಅಧಿಕಾರಿ ವರ್ಗ, ರಾಜಕೀಯ ಚಿಂತನೆ ಇವೆಲ್ಲ ಅಲ್ಲಿ ಬರುತ್ತವೆ. ಅಂತಾರಾಷ್ಟ್ರೀಯ ಸಂಬಂಧಗಳು ದೇಶ ದೇಶಗಳ ನಡುವಿನದು. ಯುದ್ಧ, ಒಪ್ಪಂದ, ವ್ಯಾಪಾರ, ಗಡಿ, ವಲಸೆ, ಹವಾಮಾನ, ವಿಶ್ವಸಂಸ್ಥೆ.

ಇದು ಹುಟ್ಟಿದ ಸಂದರ್ಭವೇ ಅದರ ಸ್ವಭಾವವನ್ನು ಹೇಳುತ್ತದೆ. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೇ, 1919ರಲ್ಲಿ, ವೇಲ್ಸ್‌ನ ಕಡಲತೀರದ ಊರು ಅಬೆರಿಸ್ಟ್‌ವಿತ್‌ನಲ್ಲಿ ಈ ವಿಷಯಕ್ಕೆ ಜಗತ್ತಿನ ಮೊದಲ ವಿಭಾಗ ಶುರುವಾಯಿತು. ಡೇವಿಡ್ ಡೇವಿಸ್ ಎಂಬ ಶ್ರೀಮಂತ ರಾಜಕಾರಣಿ ದುಡ್ಡು ಕೊಟ್ಟರು. ಇನ್ನೊಂದು ಅಂಥ ಯುದ್ಧ ಆಗಬಾರದು ಎಂಬುದು ಅವರ ಆಸೆ. ಇಪ್ಪತ್ತು ವರ್ಷದಲ್ಲಿ ಆ ಆಸೆ ಸುಳ್ಳಾಯಿತು, ಪ್ರಶ್ನೆ ಮಾತ್ರ ಇವತ್ತಿಗೂ ಉಳಿದಿದೆ.

ಎರಡನ್ನೂ ಸೇರಿಸಿದ ಪದವಿಯೇ ಹೆಚ್ಚು ಕಡೆ ಸಿಗುತ್ತದೆ. ಯಾವುದು ಇಷ್ಟ ಎಂದು ಇನ್ನೂ ಗೊತ್ತಿಲ್ಲದವರು ಅದನ್ನೇ ಹಿಡಿಯುವುದು ಒಳ್ಳೆಯದು.

ಮಗಳು ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದು. ಈಗ ರಾಜಕೀಯ ಓದ್ತೀನಿ ಅಂತಾಳೆ. ಆಗುತ್ತಾ?

ಆಗುತ್ತದೆ. ಬ್ರಿಟನ್ನಿನ ಬಹುತೇಕ ವಿಶ್ವವಿದ್ಯಾಲಯಗಳು ಈ ಪದವಿಗೆ ರಾಜ್ಯಶಾಸ್ತ್ರ ಓದಿರಲೇಬೇಕು ಎಂದು ಕೇಳುವುದಿಲ್ಲ. ಒಟ್ಟು ಅಂಕ ಮತ್ತು ಇಂಗ್ಲಿಷ್ ನೋಡುತ್ತವೆ. ವಿಜ್ಞಾನ ಓದಿದವರಿಗೆ ಅಂಕಿಅಂಶದ ಭಯ ಇರುವುದಿಲ್ಲ. ಚುನಾವಣಾ ಅಧ್ಯಯನದಂಥ ಕಡೆ ಅದು ದೊಡ್ಡ ಅನುಕೂಲ.

ಕಷ್ಟ ಆಗುವುದು ಬರವಣಿಗೆಯಲ್ಲಿ. ಎರಡು ವರ್ಷ ಸೂತ್ರ, ಲೆಕ್ಕ, ಬಹು ಆಯ್ಕೆ ಪ್ರಶ್ನೆಗಳಲ್ಲೇ ಮುಳುಗಿದ್ದ ಹುಡುಗಿಗೆ ಎರಡು ಸಾವಿರ ಪದಗಳ ಪ್ರಬಂಧ ಎಂದರೆ ಗಾಬರಿಯಾಗುವುದು ಸಹಜ. ಅಂಥವರಿಗೆ ಫೌಂಡೇಶನ್ ವರ್ಷ ಉಪಯೋಗಕ್ಕೆ ಬರುತ್ತದೆ. ಆದರೆ ಅದೊಂದೇ ದಾರಿ ಅಲ್ಲ. ಮುಂದಿನ ಉತ್ತರವನ್ನೂ ಓದಿ.

ಎರಡನೇ ಪಿಯುಸಿ ಪಾಸಾಗಿದೆ. ನನಗೆ ನಿಜವಾಗಿಯೂ ಫೌಂಡೇಶನ್ ಬೇಕಾ?

ಅತಿ ಮುಖ್ಯವಾದ ಪ್ರಶ್ನೆ ಇದೇ. ಇದನ್ನು ಕೇಳದೆ ದುಡ್ಡು ಕಟ್ಟಿದವರೇ ಜಾಸ್ತಿ.

2022ರ ಜುಲೈ 21ರಂದು ಭಾರತ ಮತ್ತು ಬ್ರಿಟನ್ ಪರಸ್ಪರರ ವಿದ್ಯಾರ್ಹತೆ ಒಪ್ಪುವ ಒಡಂಬಡಿಕೆಗೆ ಸಹಿ ಹಾಕಿದವು. ಅದರಲ್ಲಿ ಭಾರತದ ಹನ್ನೆರಡನೇ ತರಗತಿ ಮತ್ತು ಪಿಯು ಪ್ರಮಾಣಪತ್ರವನ್ನು ಬ್ರಿಟಿಷ್ ಉನ್ನತ ಶಿಕ್ಷಣದ ಪ್ರವೇಶಕ್ಕೆ ಯೋಗ್ಯ ಎಂದು ಪರಿಗಣಿಸುವ ಮಾತಿದೆ. ಹಾಗಾಗಿ ‘ಭಾರತದಿಂದ ಬಂದವರಿಗೆ ಫೌಂಡೇಶನ್ ಕಡ್ಡಾಯ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಯಾರನ್ನು ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸುವುದು ಆಯಾ ವಿಶ್ವವಿದ್ಯಾಲಯ. ಅವರ ಪ್ರವೇಶ ಪುಟದಲ್ಲಿ ಭಾರತಕ್ಕೆಂದೇ ಒಂದು ಭಾಗ ಇರುತ್ತದೆ. ಅಲ್ಲಿ ಸಿಬಿಎಸ್‌ಇ, ಐಎಸ್‌ಸಿ, ರಾಜ್ಯ ಮಂಡಳಿಗಳನ್ನು ಬೇರೆ ಬೇರೆಯಾಗಿ ಬರೆದಿರುತ್ತಾರೆ. ರಾಜ್ಯ ಮಂಡಳಿಗೆ ಶೇಕಡಾವಾರು ಜಾಸ್ತಿ ಕೇಳುವವರಿದ್ದಾರೆ, ಒಪ್ಪದವರೂ ಇದ್ದಾರೆ. ಒಂದು ಕಡೆ ಬೇಡ ಎಂದ ಮಾತ್ರಕ್ಕೆ ಎಲ್ಲ ಕಡೆಯೂ ಬೇಡ ಎಂದಲ್ಲ.

ನನ್ನ ಪ್ರಕಾರ ಈ ವರ್ಷ ಬೇಕಾಗುವುದು ಮೂರು ಬಗೆಯವರಿಗೆ. ಅಂಕ ಸಾಲದವರು. ಓದು ಬಿಟ್ಟು ಕೆಲವು ವರ್ಷ ಆದವರು. ಇಂಗ್ಲಿಷಿನಲ್ಲಿ ಉದ್ದಕ್ಕೆ ಓದಿ ಬರೆದು ರೂಢಿ ಇಲ್ಲದವರು. ಎಚ್‌ಇಪಿಎಸ್‌ನಲ್ಲಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಒಳ್ಳೆಯ ಅಂಕ ತೆಗೆದು, ದಿನಾ ಇಂಗ್ಲಿಷ್ ಪತ್ರಿಕೆ ಓದುವ ಹುಡುಗನಿಗೆ ನೇರ ಪ್ರವೇಶ ಸಿಗುವ ಕಡೆ ಫೌಂಡೇಶನ್ ಮಾಡಿಸುವುದು ದಂಡ.

ಇನ್ನೊಂದು ದಾರಿ ಇದೆ, ಇದನ್ನು ಏಜೆಂಟರು ಹೇಳುವುದು ಕಡಿಮೆ. ಇಲ್ಲೇ ನಿಮ್ಮೂರಿನ ಕಾಲೇಜಿನಲ್ಲಿ ಬಿಎ ಮೊದಲ ವರ್ಷ ಒಳ್ಳೆಯ ಅಂಕದಲ್ಲಿ ಮುಗಿಸಿ ಅರ್ಜಿ ಹಾಕಿ. ಅದನ್ನು ಫೌಂಡೇಶನ್ ಬದಲಿಗೆ ಒಪ್ಪಿಕೊಂಡು ನೇರ ಮೊದಲ ವರ್ಷಕ್ಕೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಸಾಕಷ್ಟಿವೆ. ಖರ್ಚು ತೀರಾ ಕಡಿಮೆ. ವಿಷಯ ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದೂ ಮನೆಯಲ್ಲಿದ್ದುಕೊಂಡೇ ಗೊತ್ತಾಗುತ್ತದೆ.

## ಅರ್ಜಿ, ದುಡ್ಡು, ವೀಸಾ

ಏಜೆಂಟ್ ‘ನಿಮ್ಮಿಂದ ಒಂದು ರೂಪಾಯಿನೂ ಬೇಡ’ ಅಂತಾರೆ. ಹಾಗಾದ್ರೆ ಅವರಿಗೇನು ಲಾಭ?

ನಿಮ್ಮನ್ನು ಸೇರಿಸಿದ್ದಕ್ಕೆ ಸಂಸ್ಥೆ ಅವರಿಗೆ ಕಮಿಷನ್ ಕೊಡುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಒಳ್ಳೆಯ ಏಜೆಂಟರೂ ಇದ್ದಾರೆ, ವೀಸಾ ಕಾಗದಪತ್ರಗಳಲ್ಲಿ ಅವರ ನೆರವು ನಿಜಕ್ಕೂ ದೊಡ್ಡದು. ಆದರೆ ಅವರ ಪಟ್ಟಿಯಲ್ಲಿ ಇರುವುದು ಅವರಿಗೆ ಒಪ್ಪಂದ ಇರುವ ಸಂಸ್ಥೆಗಳು ಮಾತ್ರ. ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಅಲ್ಲಿ ಬರುವುದೇ ಇಲ್ಲ.

ಹಾಗಾಗಿ ಎರಡು ಮಾತನ್ನು ನೇರವಾಗಿ ಕೇಳಿ. ‘ಇದೇ ವಿಶ್ವವಿದ್ಯಾಲಯಕ್ಕೆ ನನ್ನ ಅಂಕದಲ್ಲಿ ನೇರ ಪ್ರವೇಶ ಯಾಕೆ ಸಿಗುವುದಿಲ್ಲ?’ ‘ಫೌಂಡೇಶನ್ ಮುಗಿಸಿದವರಲ್ಲಿ ಪದವಿಗೆ ಹೋದವರು ಎಷ್ಟು ಜನ?’ ಉತ್ತರ ಬರೆದು ಕೊಡಲಿ. ಜೊತೆಗೆ ಪ್ರವೇಶ ವಿಭಾಗಕ್ಕೆ ನೀವೇ ಒಂದು ಇಮೇಲ್ ಬರೆಯಿರಿ. ಅಂಕಪಟ್ಟಿ ಲಗತ್ತಿಸಿ, ನಾಲ್ಕು ಸಾಲು ಬರೆದರೆ ಸಾಕು.

ಅರ್ಜಿ ಎಲ್ಲಿ ಹಾಕೋದು? ಯುಕಾಸ್ ಕಡ್ಡಾಯನಾ?

ಪದವಿಯೊಳಗೇ ಇರುವ ಫೌಂಡೇಶನ್‌ಗೆ ಸಾಮಾನ್ಯವಾಗಿ ಯುಕಾಸ್ ಎಂಬ ಅಲ್ಲಿನ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯ ಮೂಲಕ. ಐದು ಕೋರ್ಸ್‌ಗಳವರೆಗೆ ಆರಿಸಿಕೊಳ್ಳಬಹುದು. ಮುಖ್ಯ ಗಡುವು ಜನವರಿಯಲ್ಲಿ. ಆಮೇಲೂ ಸೀಟು ಉಳಿದಿದ್ದರೆ ಅರ್ಜಿ ತೆಗೆದುಕೊಳ್ಳುತ್ತಾರೆ. ಪ್ರತ್ಯೇಕ ಫೌಂಡೇಶನ್ ಕೋರ್ಸ್‌ಗೆ ಹೆಚ್ಚಾಗಿ ನೇರ ಅರ್ಜಿ.

ಒಂದು ಎಚ್ಚರಿಕೆ. ಪದವಿಯೊಳಗಿನ ಕೆಲವು ಫೌಂಡೇಶನ್ ವರ್ಷಗಳು ಅಲ್ಲಿನ ಸ್ಥಳೀಯ ವಿದ್ಯಾರ್ಥಿಗಳಿಗೆ ಮಾತ್ರ. ಆರಿಸುವ ಮುನ್ನ ಅದನ್ನು ನೋಡಿಕೊಳ್ಳಿ.

2026ರ ಪ್ರವೇಶದಿಂದ ಸ್ವಪರಿಚಯ ಬರಹದ ಸ್ವರೂಪ ಬದಲಾಗಿದೆ. ಒಂದೇ ಉದ್ದ ಪ್ರಬಂಧದ ಬದಲು ಈಗ ಮೂರು ಪ್ರಶ್ನೆ. ಈ ವಿಷಯ ಯಾಕೆ ಓದಬೇಕು ಅನ್ನಿಸಿತು, ಇಲ್ಲಿಯವರೆಗಿನ ಓದು ಹೇಗೆ ತಯಾರು ಮಾಡಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರ. ‘ಚಿಕ್ಕಂದಿನಿಂದಲೂ ಜಗತ್ತನ್ನು ಬದಲಿಸುವ ಕನಸು’ ಎಂದು ಶುರು ಮಾಡಬೇಡಿ. ಮಂಗಳೂರಿನ ಹುಡುಗಿಯಾದರೆ ಕೊಲ್ಲಿ ದೇಶಗಳಲ್ಲಿ ದುಡಿಯುವ ನೆಂಟರ ಬಗ್ಗೆ ಬರೆಯಿರಿ. ವೀಸಾ ನಿಯಮ ಬದಲಾದಾಗ ಆ ಮನೆಗಳಲ್ಲಿ ಏನಾಯಿತು ಎಂದು ಬರೆಯಿರಿ. ಅದು ಪಕ್ಕಾ ಅಂತಾರಾಷ್ಟ್ರೀಯ ರಾಜಕೀಯ, ಮತ್ತು ನಿಮಗೆ ಹತ್ತಿರದಿಂದ ಗೊತ್ತಿರುವಂಥದ್ದು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಅಲ್ಲಿ ನಿಭಾಯಿಸೋಕೆ ಆಗುತ್ತಾ?

ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಯೋಚನೆಯಲ್ಲಿ ಯಾರಿಗೂ ಕಡಿಮೆ ಇರುವುದಿಲ್ಲ. ತೊಂದರೆ ಆಗುವುದು ವೇಗದಲ್ಲಿ. ಒಂದು ವಾರಕ್ಕೆ ಮೂರು ನಾಲ್ಕು ಲೇಖನ ಓದಿ ಬರಬೇಕು ಎಂದಾಗ ಮೊದಲ ತಿಂಗಳು ಉಸಿರು ಕಟ್ಟಿದಂತೆ ಆಗುತ್ತದೆ. ಈ ಒತ್ತಡ ತಡೆಯಲು ಫೌಂಡೇಶನ್ ವರ್ಷ ನಿಜವಾಗಿಯೂ ನೆರವಾಗುತ್ತದೆ. ನಿಮ್ಮಂಥವರಿಗೆ ನಾನು ಅದನ್ನು ಮನಸಾರೆ ಹೇಳುತ್ತೇನೆ.

ವೀಸಾ ಲೆಕ್ಕದಲ್ಲಿ ಪದವಿಗೆ ಬಿ2 ಮಟ್ಟದ ಇಂಗ್ಲಿಷ್ ಬೇಕು, ಪದವಿಗಿಂತ ಕೆಳಗಿನ ಕೋರ್ಸ್‌ಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ1 ಸಾಕು. ವಿಶ್ವವಿದ್ಯಾಲಯಗಳು ಅದಕ್ಕಿಂತ ಜಾಸ್ತಿ ಕೇಳಬಹುದು. ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುವ ಕಡೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬೇಕಾಗದೆ ಇರಬಹುದು. ನಿಮ್ಮ ಮಂಡಳಿಗೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಒಟ್ಟು ಎಷ್ಟು ಖರ್ಚು? ಸರಿಯಾಗಿ ಹೇಳಿ.

ವಿದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಸರ್ಕಾರದ ಮಿತಿ ಇಲ್ಲ. ಹಾಗಾಗಿ ಒಂದೊಂದು ಕಡೆ ಒಂದೊಂದು ದರ. ಲೆಕ್ಕಕ್ಕಾಗಿ ವರ್ಷಕ್ಕೆ 18,000 ಪೌಂಡ್ ಎಂದು ಹಿಡಿಯೋಣ. ಪೌಂಡಿಗೆ 115 ರೂಪಾಯಿ ಎಂದರೆ ಅದು 20 ಲಕ್ಷ 70 ಸಾವಿರ ರೂಪಾಯಿ.

ಇನ್ನು ಊಟ, ಬಾಡಿಗೆ. ವೀಸಾಕ್ಕೆ ತೋರಿಸಬೇಕಾದ ಹಣವೇ ಇದಕ್ಕೆ ಒಂದು ಅಂದಾಜು ಕೊಡುತ್ತದೆ. 2025ರ ನವೆಂಬರ್‌ನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ 1,171 ಪೌಂಡ್. ಇದನ್ನು ಒಂಬತ್ತು ತಿಂಗಳಿಗೆ ತೋರಿಸಬೇಕು. ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಲಂಡನ್ ಹೊರಗಾದರೆ 10,539 ಪೌಂಡ್, ಅಂದರೆ 12 ಲಕ್ಷ ದಾಟುತ್ತದೆ. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್, ಅದನ್ನು ವೀಸಾ ಅವಧಿ ಪೂರ್ತಿಗೆ ಒಟ್ಟಿಗೇ ಕಟ್ಟಬೇಕು. ವಿಮಾನ, ವೀಸಾ ಶುಲ್ಕ, ಕ್ಷಯ ಪರೀಕ್ಷೆ ಬೇರೆ.

ಈ ಲೆಕ್ಕದಲ್ಲಿ ಫೌಂಡೇಶನ್ ಎಂಬ ಒಂದೇ ವರ್ಷಕ್ಕೆ 33 ಲಕ್ಷದ ಹತ್ತಿರ. ಅದಕ್ಕೇ ಅದು ಬೇಕಾ ಬೇಡವಾ ಎಂಬ ಪ್ರಶ್ನೆಗೆ ನಾನು ಅಷ್ಟು ಜಾಗ ಕೊಟ್ಟದ್ದು. ಮನೆ, ತೋಟ ಅಡವಿಟ್ಟು ಸಾಲ ತೆಗೆಯುವ ತಂದೆ ತಾಯಿ ನಾಲ್ಕೂ ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ನೋಡಬೇಕು. ಮೊದಲ ವರ್ಷದ್ದನ್ನು ಮಾತ್ರ ನೋಡಿ ಹೊರಟರೆ ಮೂರನೇ ವರ್ಷದಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಸ್ಕಾಲರ್‌ಶಿಪ್ ಸಿಗಲ್ವಾ? ಚೀವ್ನಿಂಗ್ ಅಂತ ಕೇಳಿದ್ದೆ.

ಬ್ರಿಟಿಷ್ ಸರ್ಕಾರ ಕೊಡುವ ಚೀವ್ನಿಂಗ್ ಇರುವುದು ಸ್ನಾತಕೋತ್ತರಕ್ಕೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ. ಪದವಿ ಹಂತದಲ್ಲಿ ಸಿಗುವುದು ಹೆಚ್ಚಾಗಿ ವಿಶ್ವವಿದ್ಯಾಲಯವೇ ಕೊಡುವ ಶುಲ್ಕ ರಿಯಾಯಿತಿ.

ಕರ್ನಾಟಕದ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನು ಖಂಡಿತ ನೋಡಬೇಕು. ಅದು ವಿದೇಶ ವ್ಯಾಸಂಗಕ್ಕೆಂದೇ ಇರುವುದು. ಫೌಂಡೇಶನ್ ವರ್ಷಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಂಡೇ ಸೀಟು ಒಪ್ಪಿಕೊಳ್ಳಿ.

ನಾವು ಇಲ್ಲೇ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು. ಮಗನಿಗೆ ಎ ಲೆವೆಲ್‌ನಲ್ಲಿ ಅಂಕ ಕಡಿಮೆ ಬಂತು. ನಮಗೂ ಇಷ್ಟೇ ಶುಲ್ಕನಾ?

ಇಲ್ಲ. ನಿಮ್ಮ ಮಗ ಅಲ್ಲಿ ಕಾಯಂ ನೆಲೆಸುವ ಹಕ್ಕು ಪಡೆದಿದ್ದು, ಕೋರ್ಸ್ ಶುರುವಾಗುವ ಮುಂಚಿನ ಮೂರು ವರ್ಷ ಅಲ್ಲೇ ವಾಸವಿದ್ದರೆ ಸಾಮಾನ್ಯವಾಗಿ ಸ್ಥಳೀಯ ಶುಲ್ಕ. 2025-26ರಿಂದ ಇಂಗ್ಲೆಂಡಿನಲ್ಲಿ ರಾಜಕೀಯದಂಥ ವಿಷಯಗಳ ಫೌಂಡೇಶನ್ ವರ್ಷಕ್ಕೆ 5,760 ಪೌಂಡ್ ಮಿತಿ ಹಾಕಿದ್ದಾರೆ. ಆ ವರ್ಷ ಪದವಿ ಶುಲ್ಕದ ಮಿತಿ 9,535 ಪೌಂಡ್. ಪದವಿಯೊಳಗೇ ಸೇರಿದ ಫೌಂಡೇಶನ್‌ಗೆ ಸರ್ಕಾರದ ವಿದ್ಯಾರ್ಥಿ ಸಾಲವೂ ಸಿಗುತ್ತದೆ. ಅಂಕ ಕಡಿಮೆ ಬಂತೆಂದು ಹುಡುಗನ ಮೇಲೆ ರೇಗಬೇಡಿ. ಅಲ್ಲಿ ಈ ವರ್ಷ ಇರುವುದೇ ಇಂಥವರಿಗಾಗಿ.

ಓದುತ್ತಾ ಕೆಲಸ ಮಾಡಿ ಖರ್ಚು ತೂಗಿಸಬಹುದಾ?

ಕೈಖರ್ಚಿಗೆ ಆಗುತ್ತದೆ, ಶುಲ್ಕಕ್ಕೆ ಆಗುವುದಿಲ್ಲ. ಪದವಿ ಮಟ್ಟದ ಕೋರ್ಸ್‌ನ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ವೀಸಾ ಪ್ರತ್ಯೇಕ ಫೌಂಡೇಶನ್‌ಗೆ ಮಾತ್ರ ಸಿಕ್ಕಿದ್ದರೆ, ಅದು ಪದವಿಗಿಂತ ಕೆಳಗಿನದಾದ್ದರಿಂದ 10 ಗಂಟೆ ಮಾತ್ರ. ಅಲ್ಲದೆ ಫೌಂಡೇಶನ್ ಮುಗಿದ ಮೇಲೆ ಪದವಿಗೆ ಮತ್ತೊಂದು ವೀಸಾ, ಮತ್ತೊಮ್ಮೆ ಶುಲ್ಕ. ಸೀಟು ಒಪ್ಪಿಕೊಳ್ಳುವಾಗಲೇ ‘ನನ್ನ ವೀಸಾ ಪತ್ರ ಎಷ್ಟು ವರ್ಷಕ್ಕೆ ಕೊಡುತ್ತೀರಿ?’ ಎಂದು ಕೇಳಿ.

## ತರಗತಿಯ ಒಳಗೆ

ಆ ವರ್ಷ ಪೂರ್ತಿ ಏನು ಓದಿಸ್ತಾರೆ?

ಬ್ರಿಟನ್ನಿನಲ್ಲಿ ಪೂರ್ಣಾವಧಿ ಪದವಿಯ ಒಂದು ವರ್ಷ ಎಂದರೆ 120 ಕ್ರೆಡಿಟ್, ಅಂದರೆ ಸುಮಾರು 1,200 ಗಂಟೆಯ ಓದು ಎಂಬ ಲೆಕ್ಕ. ಪದವಿಯೊಳಗಿನ ಫೌಂಡೇಶನ್‌ಗೂ ಹೆಚ್ಚು ಕಡೆ ಇದೇ ಅಳತೆ. ಅದರಲ್ಲಿ ತರಗತಿ ಸ್ವಲ್ಪ ಪಾಲು. ಉಳಿದದ್ದು ನಿಮ್ಮದೇ.

ಸಾಮಾನ್ಯವಾಗಿ ರಾಜಕೀಯದ ಪರಿಚಯ, ಆಧುನಿಕ ಇತಿಹಾಸ, ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರದ ಒಂದು ಭಾಗ, ಮತ್ತು ಬರವಣಿಗೆ ಕಲಿಸುವ ಒಂದು ಪತ್ರಿಕೆ ಇರುತ್ತವೆ. ಎಲ್ಲರೂ ಲಘುವಾಗಿ ನೋಡುವ ಆ ಕೊನೆಯ ಪತ್ರಿಕೆಯೇ ಇಡೀ ವರ್ಷದ ತಿರುಳು. ಮೂಲ ಹೇಗೆ ಉಲ್ಲೇಖಿಸಬೇಕು, ಒಂದು ಲೇಖನದ ವಾದ ಎಲ್ಲಿದೆ ಎಂದು ಹೇಗೆ ಹುಡುಕಬೇಕು, ಸೆಮಿನಾರಿನಲ್ಲಿ ಒಪ್ಪದ ಮಾತನ್ನು ಹೇಗೆ ಆಡಬೇಕು, ಇದೆಲ್ಲ ಅಲ್ಲಿ ಸಿಗುತ್ತದೆ. ಮೇಷ್ಟ್ರ ಎದುರು ‘ಇದು ನನಗೆ ಸರಿ ಕಾಣುತ್ತಿಲ್ಲ’ ಎನ್ನಲು ನಮ್ಮ ಕಡೆಯ ಮಕ್ಕಳಿಗೆ ಸಂಕೋಚ. ಅಲ್ಲಿ ಮೇಷ್ಟ್ರು ಕಾಯುತ್ತಾ ಕೂತಿರುವುದೇ ಆ ಮಾತಿಗೆ.

ಎಸ್ಸೆಸ್ಸೆಲ್ಸಿಯಲ್ಲಿ 92 ಬಂದಿತ್ತು. ಇಲ್ಲಿ ಮೊದಲ ಪ್ರಬಂಧಕ್ಕೆ 54. ನಾನು ದಡ್ಡನಾದೆನಾ?

ಖಂಡಿತ ಇಲ್ಲ. ಅಲ್ಲಿ 70 ದಾಟಿದರೆ ಮೊದಲ ದರ್ಜೆ, 60ರಿಂದ 69 ಎರಡನೇ ದರ್ಜೆಯ ಮೇಲಿನ ಭಾಗ, 50ರಿಂದ 59 ಅದರ ಕೆಳಗಿನ ಭಾಗ, 40 ಪಾಸು. 80 ಬರುವುದು ಅಪರೂಪ. ಮೊದಲ ಪ್ರಬಂಧಕ್ಕೆ 54 ಎಂದರೆ ನೆಲೆ ಗಟ್ಟಿ ಇದೆ ಎಂದರ್ಥ. ಊರಿಗೆ ಫೋನ್ ಮಾಡುವಾಗ ಅಪ್ಪ ಅಮ್ಮನಿಗೂ ಈ ಲೆಕ್ಕ ವಿವರಿಸಿ.

ಅಂಕ ಯಾಕೆ ಕಡಿಮೆ ಬರುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಪ್ರಶ್ನೆ ಹೀಗಿದೆ: ‘ವಿಶ್ವಸಂಸ್ಥೆ ವಿಫಲವಾಗಿದೆಯೇ?’ ಪಿಯುಸಿ ರೂಢಿಯಲ್ಲಿ ನಾವು 1945ರ ಅಕ್ಟೋಬರ್ 24ರ ಸ್ಥಾಪನೆಯಿಂದ ಶುರು ಮಾಡುತ್ತೇವೆ. ಆರು ಅಂಗ, 193 ಸದಸ್ಯ ರಾಷ್ಟ್ರ, ಸಾಧನೆ, ವೈಫಲ್ಯ, ಕೊನೆಗೆ ‘ಆದರೂ ಅದು ಶಾಂತಿಯ ಆಶಾಕಿರಣ’. ಎಲ್ಲವೂ ಸರಿ. ಆದರೆ ಪ್ರಶ್ನೆಗೆ ಉತ್ತರ ಎಲ್ಲಿದೆ?

ಒಳ್ಳೆಯ ಉತ್ತರ ಮೊದಲು ‘ವಿಫಲ’ ಎಂದು ಯಾವಾಗ ಹೇಳಬಹುದು ಎಂಬುದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಯುದ್ಧ ತಡೆಯುವುದೇ ಅಳತೆಯಾದರೆ ಸಿರಿಯಾ ತೆಗೆದುಕೊಳ್ಳಿ. 2011ರಿಂದ ಭದ್ರತಾ ಮಂಡಳಿಯಲ್ಲಿ ರಷ್ಯಾ ಮತ್ತೆ ಮತ್ತೆ ವೀಟೊ ಹಾಕಿತು, ಮಂಡಳಿ ಕೈಕಟ್ಟಿ ಕೂತಿತು. ಆದರೆ ಸಿಡುಬು 1980ರಲ್ಲಿ ಜಗತ್ತಿನಿಂದ ತೊಲಗಿತು ಎಂದು ಘೋಷಿಸಿದ್ದು ಇದೇ ಕುಟುಂಬದ ವಿಶ್ವ ಆರೋಗ್ಯ ಸಂಸ್ಥೆ. ಹಾಗಾದರೆ ಸೋತದ್ದು ಸಂಸ್ಥೆಯೋ, ಅದರೊಳಗಿನ ಐದು ಕಾಯಂ ಸದಸ್ಯರ ಏರ್ಪಾಡೋ? ಒಂದು ನಿಲುವು ತೆಗೆದುಕೊಳ್ಳಿ. ಅದಕ್ಕೆ ಸಾಕ್ಷಿ ಕೊಡಿ. ನಿಮ್ಮ ವಿರುದ್ಧ ಹೇಳಬಹುದಾದ ಅತಿ ಗಟ್ಟಿ ಮಾತನ್ನು ನೀವೇ ಎತ್ತಿ ಉತ್ತರಿಸಿ. 54 ಇದ್ದದ್ದು 64 ಆಗುವುದು ಈ ದಾರಿಯಲ್ಲಿ.

ಪದವಿಯ ಅಂತಿಮ ದರ್ಜೆಗೆ ಫೌಂಡೇಶನ್ ವರ್ಷದ ಅಂಕ ಸೇರುವುದಿಲ್ಲ. ಹೆಚ್ಚು ಕಡೆ ಮೊದಲ ವರ್ಷದ್ದೂ ಸೇರುವುದಿಲ್ಲ. ಅಂದರೆ ತಪ್ಪು ಮಾಡಿ ಕಲಿಯಲು ನಿಮಗೆ ಸಮಯ ಇದೆ.

ಎಐ ಕೈಲಿ ಪ್ರಬಂಧ ಬರೆಸಿದ್ರೆ ಗೊತ್ತಾಗುತ್ತಾ?

ಬರೆಸಬೇಡಿ. ಎಷ್ಟರ ಮಟ್ಟಿಗೆ ಬಳಸಬಹುದು ಎಂದು ಹೆಚ್ಚಿನ ಕಡೆ ನಿಯಮ ಮಾಡಿದ್ದಾರೆ, ಅದನ್ನು ಓದಿ. ಇನ್ನೊಬ್ಬರ ಬರಹವನ್ನು ನಿಮ್ಮದೆಂದು ಒಪ್ಪಿಸಿದರೆ ಸೊನ್ನೆ ಅಂಕದಿಂದ ಹಿಡಿದು ಕೋರ್ಸಿನಿಂದ ಹೊರಹಾಕುವವರೆಗೆ ಶಿಕ್ಷೆ ಇದೆ. ಹೊರಹಾಕಿದರೆ ವೀಸಾವೂ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. 33 ಲಕ್ಷ ಕೊಟ್ಟು ಹೋದದ್ದೇ ಬರೆಯುವುದನ್ನು ಕಲಿಯಲು, ಅದನ್ನೇ ಕಲಿಯದೆ ಬಂದಂತಾಗುತ್ತದೆ.

ಹೊರಡೋಕೆ ಮುಂಚೆ ಐದಾರು ತಿಂಗಳು ಇದೆ. ಏನು ತಯಾರಿ ಮಾಡಲಿ?

ದಪ್ಪ ಪಠ್ಯಪುಸ್ತಕ ಕೊಂಡು ಬಾಯಿಪಾಠ ಮಾಡಬೇಡಿ. ಒಂದು ಪ್ರಶ್ನೆ ಹಿಡಿದುಕೊಳ್ಳಿ. ಉದಾಹರಣೆಗೆ ಶ್ರೀಲಂಕಾದ 2022ರ ಆರ್ಥಿಕ ಕುಸಿತ. ಅದರ ಬಗ್ಗೆ ಒಂದು ಕನ್ನಡ ಪತ್ರಿಕೆ, ಒಂದು ಭಾರತೀಯ ಇಂಗ್ಲಿಷ್ ಪತ್ರಿಕೆ, ಒಂದು ಬ್ರಿಟಿಷ್ ಪತ್ರಿಕೆ, ಒಂದು ಶ್ರೀಲಂಕಾ ಪತ್ರಿಕೆ ಏನು ಹೇಳಿದವು ಎಂದು ಓದಿ. ಯಾರು ಯಾರನ್ನು ದೂರುತ್ತಾರೆ, ಏನನ್ನು ಬಿಡುತ್ತಾರೆ ಎಂದು ಒಂದು ಪುಟ ಬರೆಯಿರಿ. ವಾರಕ್ಕೆ ಒಂದು ಪುಟ ಸಾಕು. ಬರೆದದ್ದನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ.

ಜೊತೆಗೆ ಬ್ರಿಟನ್ನಿನ ರಾಜಕೀಯದ ಕನಿಷ್ಠ ಪರಿಚಯ ಇರಲಿ. ನಮ್ಮ ಹಾಗೆ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸಂವಿಧಾನ ಅಲ್ಲಿಲ್ಲ. ಸ್ಕಾಟ್ಲೆಂಡಿಗೆ 1999ರಿಂದ ತನ್ನದೇ ಸಂಸತ್ತಿದೆ. 2016ರ ಜನಮತಗಣನೆಯಲ್ಲಿ ಶೇ 51.9 ಜನ ಐರೋಪ್ಯ ಒಕ್ಕೂಟ ಬಿಡಲು ಮತ ಹಾಕಿದರು. ಇಷ್ಟು ಗೊತ್ತಿದ್ದರೆ ಮೊದಲ ವಾರದ ಚರ್ಚೆಯಲ್ಲಿ ಸುಮ್ನೆ ಕೂರಬೇಕಾಗುವುದಿಲ್ಲ.

## ಪದವಿಯ ನಂತರ, ಮತ್ತು ಇನ್ನೂ ಆಳಕ್ಕೆ

ಈ ಪದವಿ ತಗೊಂಡು ಬಂದು ಯುಪಿಎಸ್‌ಸಿ ಬರೆದು ಐಎಫ್ಎಸ್ (ವಿದೇಶಾಂಗ ಸೇವೆ) ಸೇರಬಹುದಾ?

ಬರೆಯಬಹುದು. ಪದವಿಗೆ ಭಾರತದಲ್ಲಿ ಮಾನ್ಯತೆ ಇರಬೇಕು. ವಿದೇಶಿ ಪದವಿಗಳಿಗೆ ಸಮಾನತೆ ಕೊಡುವ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ, ಹೊರಡುವ ಮುನ್ನ ಅದನ್ನು ಓದಿಕೊಳ್ಳಿ. ಪಿಯುಸಿ ಮುಗಿಸದೆ ಹತ್ತು ಅಥವಾ ಹನ್ನೊಂದರ ನಂತರವೇ ಫೌಂಡೇಶನ್‌ಗೆ ಹೋಗುವುದು ಬೇಡ. ವಾಪಸ್ ಬಂದಾಗ ಹನ್ನೆರಡು ವರ್ಷದ ಶಾಲಾ ಓದಿನ ಪ್ರಶ್ನೆ ಬರುತ್ತದೆ.

ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು ಎಂಬ ಐಚ್ಛಿಕ ವಿಷಯವೇ ಇದೆ, ಎರಡು ಪತ್ರಿಕೆ, 500 ಅಂಕ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಐಎಫ್ಎಸ್ ಒಂದೇ ಗುರಿಯಾದರೆ ಇಷ್ಟು ಖರ್ಚಿನ ಅಗತ್ಯ ಇಲ್ಲ. ಯಾವ ಪದವಿಯಿಂದಲೂ ಅಲ್ಲಿಗೆ ಹೋಗಬಹುದು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಐಸಿಎಸ್ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ, ಸಂವಿಧಾನ ಸಭೆಯ ಸಲಹೆಗಾರರಾಗಿ ದುಡಿದು ವಿಶ್ವಸಂಸ್ಥೆಗೆ ಹೋದವರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದೇ ಆಗಿತ್ತು. ಈ ವಿಷಯದ ಪದವಿ ಅವರ ಕೈಯಲ್ಲಿರಲಿಲ್ಲ.

ಅಲ್ಲೇ ಕೆಲಸ ಸಿಗುತ್ತಾ?

ಸಿಕ್ಕವರಿದ್ದಾರೆ, ಆದರೆ ದಾರಿ ಕಿರಿದಾಗುತ್ತಿದೆ. ಪದವಿ ನಂತರದ ಗ್ರ್ಯಾಜುಯೇಟ್ ವೀಸಾ ಈಗ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳು. ಈಗ ಫೌಂಡೇಶನ್ ಸೇರುವವರೆಲ್ಲ ಈ ಎರಡನೇ ಲೆಕ್ಕಕ್ಕೆ ಬರುತ್ತಾರೆ. ಅದರ ಆಚೆಗೆ ಉಳಿಯಲು ಬೇಕಾದ ಕೆಲಸದ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯ ಸಂಬಳ ಮಿತಿ 41,700 ಪೌಂಡ್, ಹೊಸದಾಗಿ ವೃತ್ತಿಗೆ ಬರುವವರಿಗೆ 33,400. ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳ ಆರಂಭದ ಸಂಬಳ ಅಷ್ಟು ಮುಟ್ಟುವುದು ಕಷ್ಟ. ಬ್ಯಾಂಕು, ಸಲಹಾ ಕಂಪನಿ, ಅಪಾಯ ವಿಶ್ಲೇಷಣೆಯ ಕಡೆ ಸಾಧ್ಯತೆ ಹೆಚ್ಚು. ಅಂಕಿಅಂಶ ಮತ್ತು ಇನ್ನೊಂದು ಭಾಷೆ ಕಲಿತವರಿಗೆ ಬೇಡಿಕೆ ಇದೆ. ಅರೇಬಿಕ್, ಚೀನೀ, ಫ್ರೆಂಚ್, ಯಾವುದಾದರೂ ಒಂದನ್ನು ಫೌಂಡೇಶನ್ ವರ್ಷದಲ್ಲೇ ಶುರು ಮಾಡಿ.

ಸಿದ್ಧಾಂತಗಳೆಲ್ಲ ಪಾಶ್ಚಾತ್ಯರದ್ದೇ. ನಮ್ಮದೇನೂ ಇಲ್ವಾ?

ಇದೆ, ಮತ್ತು ಅದರ ಒಂದು ತುದಿ ಮೈಸೂರಿನಲ್ಲಿದೆ. ಮೊದಲ ವರ್ಷದಲ್ಲಿ ವಾಸ್ತವವಾದ, ಉದಾರವಾದ, ರಚನಾವಾದ ಎಂಬ ಮೂರು ಪಂಥ ಓದಿಸುತ್ತಾರೆ. ದೇಶಗಳ ಮೇಲೆ ಹಿರಿಯಣ್ಣ ಇಲ್ಲದಿರುವುದರಿಂದ ಪ್ರತಿಯೊಂದು ದೇಶವೂ ತನ್ನ ಬಲವನ್ನೇ ನಂಬಬೇಕು ಎನ್ನುವುದು ವಾಸ್ತವವಾದ. ಅಮೆರಿಕದ ವಿದ್ವಾಂಸ ಕೆನೆತ್ ವಾಲ್ಟ್ಜ್ ಇದನ್ನು ಬಿಗಿಯಾಗಿ ಕಟ್ಟಿದರು. ವ್ಯಾಪಾರ, ಒಪ್ಪಂದ, ಸಂಸ್ಥೆಗಳ ಮೂಲಕ ದೇಶಗಳು ಸಹಕರಿಸಬಲ್ಲವು ಎನ್ನುವುದು ಉದಾರವಾದ. ಆ ಪರಿಸ್ಥಿತಿಗೂ ದೇಶಗಳೇ ಅರ್ಥ ಕೊಡುತ್ತವೆ ಎಂದು 1992ರಲ್ಲಿ ಅಲೆಕ್ಸಾಂಡರ್ ವೆಂಟ್ ತಿರುಗಿಸಿ ಹೇಳಿದರು, ಇದು ರಚನಾವಾದ.

ನೆರೆಯವನು ಎದುರಾಳಿ, ಅವನ ಆಚೆಯವನು ಗೆಳೆಯ ಎಂಬ ಮಂಡಲದ ಲೆಕ್ಕವನ್ನು ಕೌಟಿಲ್ಯನ ಅರ್ಥಶಾಸ್ತ್ರ ಬಹಳ ಹಿಂದೆಯೇ ಹಾಕಿತ್ತು. ಆ ಗ್ರಂಥ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಅದರ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರತಂದರು. ಜರ್ಮನಿಯ ಮ್ಯಾಕ್ಸ್ ವೆಬರ್ 1919ರ ಉಪನ್ಯಾಸವೊಂದರಲ್ಲಿ, ಇದರ ಮುಂದೆ ನಿರ್ದಾಕ್ಷಿಣ್ಯ ರಾಜನೀತಿಗೆ ಹೆಸರಾದ ಇಟಲಿಯ ಮೆಕಿಯವೆಲ್ಲಿ ಸಾಧು ಎಂಬರ್ಥದ ಮಾತು ಆಡಿದ್ದರು. ಸೆಮಿನಾರಿನಲ್ಲಿ ಇದನ್ನು ಎತ್ತಿ. ಹೆಮ್ಮೆಗಾಗಿ ಮಾತ್ರ ಬೇಡ. ಕೌಟಿಲ್ಯನ ರಾಜನಿಗೂ ವಾಲ್ಟ್ಜ್‌ರ ರಾಷ್ಟ್ರಕ್ಕೂ ಎಲ್ಲಿ ಹೋಲಿಕೆ ಮುರಿಯುತ್ತದೆ ಎಂದೂ ಹೇಳಿ.

ಕೊನೆಯ ವರ್ಷದ ಪ್ರೌಢಪ್ರಬಂಧಕ್ಕೆ ಕಾವೇರಿ ತಗೋಬಹುದಾ? ಅದು ಅಂತಾರಾಷ್ಟ್ರೀಯ ಅಲ್ವಲ್ಲ?

ನೇರವಾಗಿ ಅಲ್ಲ. ಹೋಲಿಕೆಯ ಮೂಲಕ ಖಂಡಿತ ಆಗುತ್ತದೆ, ಮತ್ತು ಒಳ್ಳೆಯ ವಿಷಯ. ನೈಲ್ ನದಿಯ ಪಕ್ಕದಲ್ಲಿಟ್ಟು ನೋಡಿ. ಕಾವೇರಿಯಲ್ಲಿ ಮೈಸೂರು ಮತ್ತು ಮದ್ರಾಸಿನ ನಡುವೆ 1892 ಮತ್ತು 1924ರ ಒಪ್ಪಂದ. ನೈಲ್‌ನಲ್ಲಿ ಈಜಿಪ್ಟ್ ಮತ್ತು ಬ್ರಿಟನ್ ನಡುವೆ 1929ರ ಒಪ್ಪಂದ, ಆಮೇಲೆ 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನಡುವೆ ಇನ್ನೊಂದು. ಎರಡೂ ಕಡೆ ವಸಾಹತು ಕಾಲದ ಕಾಗದವನ್ನು ನದಿಯ ಕೆಳಗಿನವರು ಹಕ್ಕಿನ ಆಧಾರ ಎನ್ನುತ್ತಾರೆ, ಮೇಲಿನವರು ಅನ್ಯಾಯ ಎನ್ನುತ್ತಾರೆ. ಮೇಲಿನ ಇಥಿಯೋಪಿಯಾ ಆ ಎರಡರಲ್ಲೂ ಇರಲಿಲ್ಲ, ತನ್ನ ದೊಡ್ಡ ಅಣೆಕಟ್ಟನ್ನು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು.

ದೊಡ್ಡ ವ್ಯತ್ಯಾಸ ಇರುವುದು ತೀರ್ಪು ಕೊಡುವವರಲ್ಲಿ. ಕಾವೇರಿಗೆ 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ನೈಲ್‌ಗೆ ಅಂಥ ಕೋರ್ಟಿಲ್ಲ. ಮೇಲೊಬ್ಬ ತೀರ್ಪುಗಾರ ಇದ್ದರೆ ನೀರಿನ ಜಗಳದ ಸ್ವರೂಪ ಎಷ್ಟು ಬದಲಾಗುತ್ತದೆ ಎಂಬುದು ನಿಮ್ಮ ಪ್ರಶ್ನೆಯಾಗಬಹುದು. ಕನ್ನಡ ಓದಬಲ್ಲವರಾದ್ದರಿಂದ ಮಂಡ್ಯದ ರೈತ ಚಳವಳಿಯ ಕರಪತ್ರ, ನಮ್ಮ ವಿಧಾನಸಭೆಯ ಚರ್ಚೆ, ಕನ್ನಡ ಪತ್ರಿಕೆಗಳ ವರದಿ ಎಲ್ಲವನ್ನೂ ಮೂಲದಲ್ಲೇ ಬಳಸಬಹುದು. ಬ್ರಿಟಿಷ್ ಕಾಲದ ಇಂಡಿಯಾ ಆಫೀಸ್ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಓದುಗರ ಚೀಟಿಗೆ ದುಡ್ಡಿಲ್ಲ. ಎರಡನೇ ವರ್ಷದ ಬೇಸಿಗೆ ರಜೆಯಲ್ಲೇ ಹೋಗಿ ಸೂಚಿ ನೋಡಿಕೊಂಡು ಬನ್ನಿ. ಮಾರ್ಗದರ್ಶಕರನ್ನು ಕೇಳುವಾಗ ನದಿ ನೀರಿನ ರಾಜಕೀಯದ ಮೇಲೆ ಕೆಲಸ ಮಾಡಿದವರನ್ನೇ ಕೇಳಿ, ಅವರು ಭಾರತದ ತಜ್ಞರೇ ಆಗಿರಬೇಕೆಂದಿಲ್ಲ.